ಚುಚ್ಚಿದರೆ ಸಾಕು, ಹಾಡುತ್ತದೆ

ಅಣ್ಣ ಹಳೆಯ ಟರ್ನ್‌ಟೇಬಲ್‌ಗಳ ಅಂದರೆ ರೆಕಾರ್ಡು ಹಾಡಿಸುವ ಯಂತ್ರಗಳ ವ್ಯಾಪಾರಕ್ಕೆ ಇಳಿದ ವರ್ಷ ನಾನು ಕೆಲಸ ಕಳೆದುಕೊಂಡು ಮುಂಬಯಿ ಪಕ್ಕದ ಠಾಣೆಯ ಮನೆಯಲ್ಲಿ ಕೂತಿದ್ದೆ. ಅದಕ್ಕೂ ಮೊದಲು ರಬಾಳೆಯ ಒಂದು ಕಾರ್ಖಾನೆಯಲ್ಲಿದ್ದೆ. ಅಲ್ಲಿ ವಿದ್ಯುತ್ ಅಳೆಯುವ ಮೀಟರುಗಳು ತಯಾರಾಗುತ್ತಿದ್ದವು. ಪೆಟ್ಟಿಗೆಗೆ ಹೋಗುವ ಮೊದಲು ಒಂದೊಂದನ್ನೂ ಪರೀಕ್ಷೆ ಮಾಡಿ, ಸರಿ ಇಲ್ಲದ್ದನ್ನು ಬದಿಗೆ ತೆಗೆದಿಡುವುದು ನನ್ನ ಕೆಲಸ. ಮಾಲೀಕರು ಇಡೀ ಘಟಕವನ್ನು ಗುಜರಾತಿಗೆ ಸಾಗಿಸಿದರು. ಬರುವವರು ಬರಬಹುದು ಎಂದರು. ನಾನು ಹೋಗಲಿಲ್ಲ. ಮದುವೆಯಾಗದೆ ಉಳಿದವಳಿಗೆ ಅಣ್ಣನ ಮನೆಯ ಭಾನುವಾರದ ಊಟ, ಚೌತಿಯ ಕಡುಬು, ಅತ್ತಿಗೆಯ ಜೊತೆ ಒಂದಿಷ್ಟು ತುಳು ಮಾತು, ಇಷ್ಟನ್ನು ಬಿಟ್ಟರೆ ನನ್ನದು ಎನ್ನುವಂಥದ್ದು ಇನ್ನೇನೂ ಇರಲಿಲ್ಲ.

ಅಪ್ಪನದು ಕಲ್ಯಾಣದ ಸ್ಟೇಶನ್ ಎದುರು ಸಸ್ಯಾಹಾರಿ ಹೋಟೆಲು. ಅಣ್ಣ ಕಾಲೇಜು ಮುಗಿಸುವ ಮೊದಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ಇಡ್ಲಿ ಮುಗಿದಿದೆ ಎಂದು ಹೇಳುವ ಬದಲು ಉಪ್ಪಿಟ್ಟು ಈಗಷ್ಟೇ ಇಳಿದಿದೆ ಎಂದು ಹೇಳುವುದನ್ನು ಅವನು ಅಲ್ಲೇ ಕಲಿತ. ಅಪ್ಪ ಹೋದ ಮೇಲೆ ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ವಾಶಿಗೆ ಹೋದ. ಮೊಬೈಲ್ ಮಾರಿದ, ನೀರು ಶುದ್ಧ ಮಾಡುವ ಯಂತ್ರ ಮಾರಿದ. ಹರೆಯದವರಿಗೆ ಗ್ರಾಮಫೋನ್ ರೆಕಾರ್ಡಿನ ಹುಚ್ಚು ಮತ್ತೆ ಹಿಡಿದದ್ದನ್ನು ನೋಡಿ ಟರ್ನ್‌ಟೇಬಲ್‌ಗೆ ಕೈ ಹಾಕಿದ.

ಒಂದು ಬೆಳಿಗ್ಗೆ ಫೋನ್ ಮಾಡಿದ. "ಮನೆಯಲ್ಲಿ ಕೂತು ಎಂತ ಮಾಡ್ತಿ ನೀನು? ನಂಗೆ ಬಾಯಿ ಮಾತ್ರ ಇರುದು. ಕೈಕೆಲಸ ಗೊತ್ತಿಲ್ಲ, ಶ್ರುತಿ ಅಂದ್ರೆ ಎಂತ ಅಂತ್ಲೂ ಗೊತ್ತಿಲ್ಲ. ಅದನ್ನು ನೀನು ನೋಡಿಕೊ."

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಖುಷಿಯಾಯಿತು.

ರಬಾಳೆಯಲ್ಲೇ ಒಂದು ಗಾಲಾ ಬಾಡಿಗೆಗೆ ಹಿಡಿದಿದ್ದ. ಅಂದರೆ ಶಟರ್ ಬಾಗಿಲಿನ ಒಂದು ಉದ್ದ ಕೋಣೆ. ಹೊರದೇಶದ ಮನೆಗಳಲ್ಲಿ ಬೇಡವಾದ ಟರ್ನ್‌ಟೇಬಲ್‌ಗಳು ಕಂಟೇನರಿನಲ್ಲಿ ಬಂದು, ಸ್ಕ್ರ್ಯಾಪ್ ವ್ಯಾಪಾರಿಯ ಗೋಡೌನಿನಿಂದ ನಮ್ಮಲ್ಲಿಗೆ ಬರುತ್ತಿದ್ದವು. ನಾನು ಬೆಲ್ಟು ಬದಲಾಯಿಸಿ, ಮೋಟರು ಒರೆಸಿ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ, ಹಳೆಯ ಪ್ಲಾಸ್ಟಿಕ್ಕನ್ನು ಮುಚ್ಚುವಂತೆ ತೇಗದ ಬಣ್ಣದ ಚೌಕಟ್ಟು ಕೂರಿಸುತ್ತಿದ್ದೆ. ಅಣ್ಣ ಅವುಗಳನ್ನು ವಾಶಿಯ ಅಂಗಡಿಯಲ್ಲಿ ದೀಪದ ಕೆಳಗೆ ಇಟ್ಟು ಮಾರುತ್ತಿದ್ದ.

ಬಂದವುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಟರ್ನ್‌ಟೇಬಲ್ಲಿಗೆ ಒಂದು ಉದ್ದನೆಯ ಕೈ ಇರುತ್ತದೆ, ಅದರ ತುದಿಯಲ್ಲಿ ಕಾರ್ಟ್ರಿಜ್ ಎಂಬ ಪುಟ್ಟ ಡಬ್ಬಿ, ಡಬ್ಬಿಯ ಹೊಟ್ಟೆಯಲ್ಲಿ ಸೂಜಿ. ಸಾಮಾನ್ಯ ಯಂತ್ರದಲ್ಲಿ ಆ ಡಬ್ಬಿಯನ್ನು ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಬಿಗಿಯುವ ಮೊದಲು ಹಿಂದೆ ಮುಂದೆ ಜಾರಿಸಬಹುದು, ಕೂದಲೆಳೆಯಷ್ಟು ಓರೆ ಮಾಡಬಹುದು, ಹಿಂಬದಿಯ ತೂಕದ ಗುಂಡನ್ನು ತಿರುಗಿಸಿ ಸೂಜಿಯ ಭಾರವನ್ನು ಹೆಚ್ಚು ಕಡಿಮೆ ಮಾಡಬಹುದು. ಕಣ್ಣು ಕೆಡಿಸುವ ಕೆಲಸ ಅದು. ನಮ್ಮಲ್ಲಿಗೆ ಬಂದವುಗಳಲ್ಲಿ ಆ ತಾಪತ್ರಯವೇ ಇರಲಿಲ್ಲ. ಕಾರ್ಟ್ರಿಜ್ಜಿನ ಬೆನ್ನಿಗೆ ನಾಲ್ಕು ಕಡ್ಡಿ, ಕೈಯ ತುದಿಯಲ್ಲಿ ನಾಲ್ಕು ತೂತು. ಗೋಡೆಯ ಸಾಕೆಟ್ಟಿಗೆ ಪ್ಲಗ್ ಹಾಕಿದಂತೆ ಒತ್ತುವುದು, ಬೀಳದಂತೆ ಪಕ್ಕದಲ್ಲಿ ಒಂದು ಸ್ಕ್ರೂ. ಮುಗಿಯಿತು. ಯಾವ ಕಂಪೆನಿಯ ಕಾರ್ಟ್ರಿಜ್ ಆದರೂ ಅದೇ ಉದ್ದ, ಅದೇ ತೂಕ. ಎಲ್ಲರೂ ಕೂಡಿ ಮಾಡಿಕೊಂಡ ಅಳತೆ.

ಅಣ್ಣನಿಗೆ ಇದು ಅಪ್ಪನ ಕಾಲದ ಫಿಲ್ಟರ್ ಕಾಫಿಯಷ್ಟೇ ಚೆನ್ನಾಗಿ ಖರ್ಚಾಗುವ ಮಾಲು ಎಂದು ಕೂಡಲೇ ಗೊತ್ತಾಯಿತು. ಗಿರಾಕಿಯ ಕೈಗೇ ಕಾರ್ಟ್ರಿಜ್ ಕೊಟ್ಟು ಅವರಿಂದಲೇ ಒತ್ತಿಸುತ್ತಿದ್ದ. "ಚುಚ್ಚಿದರೆ ಸಾಕು, ಹಾಡ್ತದೆ. ಮೆಕ್ಯಾನಿಕ್ ಬೇಡ, ಎಂತದೂ ಬೇಡ," ಎಂದು ಕನ್ನಡದವರಿಗೆ, ಅದನ್ನೇ ಮರಾಠಿಯಲ್ಲಿ, ಹಿಂದಿಯಲ್ಲಿ ಉಳಿದವರಿಗೆ.

ಕೆಲವು ತಿಂಗಳಲ್ಲೇ ನನಗೆ ಇದರ ಇನ್ನೊಂದು ಮುಖ ಕಾಣತೊಡಗಿತು. ಅಳತೆ ಎಲ್ಲ ಸರಿಯಾಗಿದ್ದದ್ದು ಆ ಯಂತ್ರಗಳು ಹುಟ್ಟಿದ ದಿನ. ಆಮೇಲೆ ಅವು ಯಾರ್‍ಯಾರದೋ ಅಟ್ಟದಲ್ಲಿ ಬಿದ್ದು, ಹಡಗಿನಲ್ಲಿ ಒಂದರ ಮೇಲೊಂದು ಕೂತು ಬಂದಿದ್ದವು. ಕೆಲವುಗಳ ಕೈಯ ತುದಿ ಒಂದಿಷ್ಟು ತಿರುಚಿರುತ್ತಿತ್ತು. ಸ್ಕ್ರೂಗಳಿದ್ದ ಯಂತ್ರವಾದರೆ ಆ ಓರೆಗೆ ತಕ್ಕಂತೆ ಡಬ್ಬಿಯನ್ನು ಸರಿಸಿ ಕೂರಿಸಬಹುದು. ಇಲ್ಲಿ ಏನನ್ನು ಸರಿಸುವುದು? ನಾಲ್ಕು ತೂತು ಎಲ್ಲಿವೆಯೋ ಅಲ್ಲೇ. ತೂತಿನೊಳಗೆ ಕಿಲುಬು ಹಿಡಿದರೆ ಒಂದು ಬದಿಯ ಸ್ಪೀಕರು ಮಾತಾಡದು. ಇನ್ನು ಒಳ್ಳೆಯ ಕಾರ್ಟ್ರಿಜ್ ಹಾಕೋಣವೆಂದರೆ ಈ ಬಗೆಯದನ್ನು ಮಾಡುವವರೇ ಹೆಚ್ಚಿನವರು ನಿಲ್ಲಿಸಿಬಿಟ್ಟಿದ್ದರು. ಸಿಗುತ್ತಿದ್ದುದು ಮೊಂಡು ಸೂಜಿಯ ಅಗ್ಗದ ಮಾಲು. ಬೇರೆ ಬಗೆಯದನ್ನು ಈ ಕೈಗೆ ಹಾಕುವಂತಿಲ್ಲ. ಎಲ್ಲದಕ್ಕೂ ಹೊಂದುತ್ತದೆ ಎಂದು ಮಾಡಿದ್ದು ಕೊನೆಗೆ ಯಾವುದಕ್ಕೂ ಹೊಂದದೆ ನಿಂತಿತ್ತು.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ಚಾ ಕುಡಿಯುತ್ತ ಕೇಳಿದ.

"ಓರೆ ಇದ್ರೆ ಎಂತ ಆಗ್ತದೆ?"

"ರೆಕಾರ್ಡಿನ ಹೊರಗಿನ ಹಾಡು ಸರಿ ಕೇಳ್ತದೆ. ಸೂಜಿ ಒಳಗೆ ಹೋದ ಹಾಗೆ ದನಿ ಒಡೀತದೆ. ಕೊನೆಯ ಹಾಡು ಬರುವಾಗ ಸ, ಶ ಎಲ್ಲ ಎಣ್ಣೆಗೆ ನೀರು ಬಿದ್ದ ಹಾಗೆ ಚಟಚಟ."

"ಕೊನೆಯ ಹಾಡಿನವರೆಗೆ ಯಾರು ಕೇಳ್ತಾರೆ ಮಾರಾಯ್ತಿ? ಇವರೆಲ್ಲ ಫೋಟೋ ತೆಗೀಲಿಕ್ಕೆ ತಗೊಳ್ಳುದು."

ನಾನು ಕಾರ್ಖಾನೆಯ ಅಭ್ಯಾಸದಂತೆ ಕೈ ತಿರುಚಿದವುಗಳನ್ನು ಬೇರೆ ಮಾಡಿ, ಕೈಯ ಒಳಬದಿಗೆ ಕೆಂಪು ಚುಕ್ಕೆ ಹಚ್ಚಿ, ಗಾಲಾದ ಹಿಂದಿನ ರ್‍ಯಾಕಿನಲ್ಲಿ ಇಟ್ಟು, ಇವನ್ನು ಮಾರಬೇಡ, ಬಿಡಿಭಾಗಕ್ಕೆ ಆಗುತ್ತದೆ ಎಂದು ಅವನ ಎದುರೇ ಹೇಳಿದೆ. ಆಯ್ತು ಎಂದ. ದೀಪಾವಳಿಯ ಮುಂಚೆ ನನಗೆ ಜ್ವರ ಬಂದು ಮಲಗಿದ್ದೆ. ಎದ್ದು ಬಂದಾಗ ರ್‍ಯಾಕು ಖಾಲಿ. ಎಲ್ಲದಕ್ಕೂ ತೇಗದ ಬಣ್ಣದ ಚೌಕಟ್ಟು ಬಡಿದು ಮಾರಿಬಿಟ್ಟಿದ್ದ.

"ಹಬ್ಬದ ಆರ್ಡರು. ಎಂತ ಮಾಡ್ಲಿ? ಇಲ್ಲಿಯವರೆಗೆ ಒಂದು ಕಂಪ್ಲೇಂಟ್ ಬರ್ಲಿಲ್ಲ ನೋಡು," ಎಂದ.

ಬಂತು. ಡೊಂಬಿವಿಲಿಯ ಒಬ್ಬ ಹೆಂಗಸಿನಿಂದ. ಧಾರವಾಡದ ಕಡೆಯವರು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗಂಡ ಕಲ್ಯಾಣದಲ್ಲಿ ರೈಲ್ವೆ ನೌಕರರಾಗಿದ್ದು, ತೀರಿಕೊಂಡಿದ್ದರು. ಮಗಳ ಜೊತೆ ಇದ್ದರು. ಫೋನಿನಲ್ಲಿ ಅವರು ದೂರಲಿಲ್ಲ. "ಒಮ್ಮೆ ಬಂದು ನೋಡಿ ಹೋಗ್ತೀರೇನು?" ಎಂದು ಕೇಳಿದರು, ಅಷ್ಟೆ. ಕನ್ನಡದವರು ಎಂದು ಅಣ್ಣ ನನ್ನನ್ನೇ ಕಳಿಸಿದ.

ಡೊಂಬಿವಿಲಿ ಪೂರ್ವದಲ್ಲಿ ಲಿಫ್ಟಿಲ್ಲದ ಹಳೆಯ ಕಟ್ಟಡ. ಹೊರಕೋಣೆಯ ಒಂದು ಗೋಡೆಗೆ ಮರದ ಕಪಾಟು, ಅದರ ತುಂಬ ರೆಕಾರ್ಡುಗಳು. ಪ್ರತಿಯೊಂದರ ಕವರಿಗೂ ಪ್ಲಾಸ್ಟಿಕ್ ಹೊದಿಕೆ, ಶಾಲೆಯ ಪುಸ್ತಕಕ್ಕೆ ಹಾಕುತ್ತಾರಲ್ಲ ಹಾಗೆ. ಹಿಂದೂಸ್ತಾನಿ ಗಾಯನ, ಮರಾಠಿ ನಾಟಕದ ಹಾಡು, ಒಂದಿಷ್ಟು ವಚನ, ದಾಸರ ಪದ. ಗಂಡ ಪ್ರತಿ ಬೋನಸ್ಸಿನಲ್ಲೂ ತಂದದ್ದಂತೆ. ಹಳೆಯ ಯಂತ್ರ ಕೆಟ್ಟು ವರ್ಷಗಳಾಗಿದ್ದವು. ಮಗಳು ಹುಟ್ಟುಹಬ್ಬಕ್ಕೆಂದು ನಮ್ಮದನ್ನು ತಂದುಕೊಟ್ಟಿದ್ದಳು.

ವಚನಗಳ ಒಂದು ರೆಕಾರ್ಡನ್ನು ಅವರೇ ಇಟ್ಟರು. ಸೀರೆಯ ಸೆರಗಿನಿಂದ ಅಂಚನ್ನು ಹಿಡಿದು ಇಟ್ಟ ರೀತಿ ನೋಡಿಯೇ ಈ ಮನೆಯ ರೆಕಾರ್ಡುಗಳು ಸವೆದಿರಲು ಸಾಧ್ಯವಿಲ್ಲ ಅನಿಸಿತು. ಮೊದಲ ಹಾಡು ಚೆನ್ನಾಗಿಯೇ ಬಂತು. ಮೂರನೆಯದರಲ್ಲಿ ದನಿ ಒರಟಾಯಿತು. ಕೊನೆಯ ಹಾಡು ಶುರುವಾದಾಗ ಅವರು ಕಿವಿಯ ಹತ್ತಿರ ಕೈ ತಂದರು.

"ಈ ಕಡೀ ಹಾಡಿನ್ಯಾಗ ನಾನೂ ಇದ್ದೀನವಾ. ಹಿಂದ ಮೂರು ಮಂದಿ ಹುಡಿಗ್ಯಾರು ದನಿ ಕೂಡಿಸ್ತೀವಲ್ಲ, ಅದರಾಗ ಮ್ಯಾಲಿನ ದನಿ ನಂದು. ಕವರಿನ ಮ್ಯಾಲೆ ಹೆಸರಿಲ್ಲ. ಆದ್ರ ಇದ್ದೀನಿ."

ಆ ದನಿ ಬಂತು. ಹರಿದ ಬಟ್ಟೆಯ ಹಿಂದಿನಿಂದ ಯಾರೋ ಕಿರುಚಿದ ಹಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಗ್ಗಿ ಕೈಯ ತುದಿಯನ್ನು ನೋಡಿದೆ. ನಾನೇ ಬದಿಗಿಟ್ಟಿದ್ದ ಯಂತ್ರ ಅದು. ಒಳಬದಿಯಲ್ಲಿ ನಾನು ಹಚ್ಚಿದ್ದ ಕೆಂಪು ಚುಕ್ಕೆ ಇನ್ನೂ ಇತ್ತು.

"ಹಾಡಿನ ಪ್ಲೇಟು ಸರಿ ಇರಬೇಕು ಅನಿಸ್ತದೆ ಅಮ್ಮ. ಯಂತ್ರದ್ದೇ ತೊಂದರೆ. ಒಯ್ದು ನೋಡ್ತೇನೆ, ಪ್ಲೇಟನ್ನೂ ಕೊಡಿ," ಎಂದೆ.

ಗಾಲಾದಲ್ಲಿ ರಿಪೇರಿಗೆ ಬಂದ ಒಂದು ಹಳೆಯ ಯಂತ್ರವಿತ್ತು, ಸ್ಕ್ರೂಗಳಿಂದ ಕಾರ್ಟ್ರಿಜ್ ಬಿಗಿಯುವ ಬಗೆಯದು. ಅದನ್ನು ಸರಿಯಾಗಿ ಕೂರಿಸಿ ಅದೇ ರೆಕಾರ್ಡನ್ನು ಇಟ್ಟೆ. ಕೊನೆಯ ಹಾಡಿನಲ್ಲಿ ಮೂವರು ಹುಡುಗಿಯರೂ ಬೇರೆ ಬೇರೆಯಾಗಿ ಕೇಳಿಸಿದರು. ಮೇಲಿನ ದನಿ ತೆಳ್ಳಗೆ, ನಡುಗದೆ, ಮುಖ್ಯ ಗಾಯಕರನ್ನು ಒಂದೆಳೆ ಬಿಟ್ಟು ಹಿಂಬಾಲಿಸುತ್ತಿತ್ತು. ಎರಡು ಸಲ ಕೇಳಿದೆ.

ಅಂದೇ ಅಣ್ಣನಿಗೆ ಹೇಳಿದೆ. ಬೇರೆ ಯಂತ್ರ ಕೊಡಬೇಕು ಎಂದೆ. ಅವನು ಫೋನ್ ಒತ್ತುತ್ತಿದ್ದ.

"ಒಂದಕ್ಕೆ ಹೌದು ಅಂದ್ರೆ ಎಲ್ಲ ವಾಪಸ್ ಬರ್ತದೆ, ಗೊತ್ತುಂಟಾ? ಅವರೆಲ್ಲ ವಾಟ್ಸಪ್ ಗ್ರೂಪಿನಲ್ಲಿ ಇರ್ತಾರೆ. ನೀನು ಏನೂ ಹೇಳ್ಬೇಡ. ನಾನು ಮಾತಾಡ್ತೇನೆ."

ಮಾತಾಡುತ್ತೇನೆ ಎಂದರೆ ಸದ್ದಿಲ್ಲದೆ ಸಮಾಧಾನ ಮಾಡಿ ಬದಲಾಯಿಸಿ ಕೊಡುತ್ತೇನೆ ಎಂದು ನಾನು ತಿಳಿದೆ. ಆ ರಿಪೇರಿಯ ಯಂತ್ರದ ಯಜಮಾನರು ಅದನ್ನು ಮಾರುವವರಿದ್ದರು. ನನ್ನ ಸ್ವಂತಕ್ಕೆಂದು ತೆಗೆದುಕೊಂಡೆ. ಹೊಸ ಬೆಲ್ಟು ಹಾಕಿ, ಕೈಯನ್ನು ಹದಗೊಳಿಸಿದೆ. ಈ ನಡುವೆ ಒಂದು ದಿನ ಬಂದು ನೋಡಿದರೆ ಸಂಗೀತದ ಟೀಚರ ಯಂತ್ರವೂ ರೆಕಾರ್ಡೂ ಗಾಲಾದಲ್ಲಿ ಇರಲಿಲ್ಲ. "ಟೆಂಪೋದವ ಆ ಕಡೆ ಹೋಗುವವನಿದ್ದ, ಕಳಿಸಿದೆ. ಮಾತಾಡಿದ್ದೇನೆ, ಅವರಿಗೆ ಸಮಾಧಾನ ಆಗಿದೆ," ಎಂದ ಅಣ್ಣ.

ಅದೇ ಓರೆಯ ಯಂತ್ರ ಅವರ ಮನೆ ಸೇರಿತ್ತು. ಅದರ ಬದಲಿಗೆ ಕೊಡೋಣವೆಂದು, ಮುಂದಿನ ಭಾನುವಾರ ಬೆಳಿಗ್ಗೆ ನಾನು ಸಿದ್ಧಪಡಿಸಿದ ಯಂತ್ರವನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಮಗಳು. ಒಳಗೆ ಕಪಾಟಿನಲ್ಲಿ ರೆಕಾರ್ಡುಗಳ ಜಾಗದಲ್ಲಿ ಸ್ಟೀಲ್ ಡಬ್ಬಿಗಳೂ ಕುಕ್ಕರಿನ ಪೆಟ್ಟಿಗೆಯೂ ಇದ್ದವು. ನಮ್ಮ ಯಂತ್ರದ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಪ್ಲಾಸ್ಟಿಕ್ ಹೂವಿಟ್ಟಿದ್ದರು. ಟೀಚರು ಪಕ್ಕದ ಕುರ್ಚಿಯಲ್ಲಿದ್ದರು.

"ಪ್ಲೇಟುಗಳೆಲ್ಲ ಎಲ್ಲಿ ಅಮ್ಮ?"

"ಕೊಟ್ಟುಬಿಟ್ಟೆನವಾ. ನಿಮ್ಮಣ್ಣಾವ್ರು ಫೋನ್ ಮಾಡಿ ಎಲ್ಲಾ ತಿಳಿಸಿ ಹೇಳಿದ್ರಲ್ಲ. ಭಾಳ ಛಂದ ಮಾತಾಡಿದ್ರು. ಮಷೀನ್ ಛಲೋ ಅದ, ಪ್ಲೇಟು ಸವದಾವು, ಹಳೀ ಮುಳ್ಳಿಂದ ಬಾರಿಸಿ ಬಾರಿಸಿ ಗೆರಿ ಹೋಗ್ಯಾವು ಅಂದ್ರು. ನನಗೂ ಹೌದನಿಸ್ತು. ಎಷ್ಟು ವರ್ಷದ್ದು! ನಂದ ದನಿ ಹಂಗ ಕೇಳಲಿಕ್ಕೆ ಆಗಲಿಲ್ಲ ನನಗ. ಇವಳೂ ಜಾಗಾ ಬೇಕಂತಿದ್ಲು. ರದ್ದಿಯಾಂವಗ ಹಾಕಿದ್ವಿ."

ನನ್ನ ಕೈಯಲ್ಲಿ ಯಂತ್ರ ಇನ್ನೂ ಹಾಗೇ ಇತ್ತು. ಕೆಳಗಿಡಿ ಎಂದು ಯಾರೂ ಹೇಳಿರಲಿಲ್ಲ. ಇಟ್ಟೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೈ ತಿರುಚಿತ್ತು, ಇದರಲ್ಲಿ ತಿದ್ದಲು ದಾರಿಯಿಲ್ಲ, ನಿಮ್ಮ ಪ್ಲೇಟು ಸವೆದಿರಲಿಲ್ಲ, ಬೇರೆ ಯಂತ್ರದಲ್ಲಿ ನಾನೇ ಕೇಳಿದೆ, ನಿಮ್ಮ ದನಿ ಸ್ವಚ್ಛವಾಗಿತ್ತು ಎಂದೆ.

ಮಗಳು ತಾಯಿಯ ಭುಜದ ಮೇಲೆ ಕೈಯಿಟ್ಟು, "ಆಯೀ, ಜಾವೂ ದೇ ಆತಾ," ಎಂದಳು. ಹೋಗಲಿ ಬಿಡು ಎಂದು. ಅವರು ಆ ಕೈಯನ್ನು ಸರಿಸಿದರು.

"ಇದನ್ನ ಹೇಳಾಕ ಬಂದಿ ಏನು ನೀನು?"

ನಾನು ತಂದ ಯಂತ್ರವನ್ನು ಅವರ ಕಡೆಗೆ ಸರಿಸಿದೆ.

"ನಿನ್ನೆ ತನಕ ಸವದಾವು ಅಂತ ತಿಳಕೊಂಡು ಕೂತಿದ್ದೆ. ನಾನೂ ಸವದೀನಿ, ಅವೂ ಸವದಾವು, ಮುಗೀತು ಅಂತ ಸಮಾಧಾನ ಇತ್ತು. ಅದನ್ನೂ ಕಸಗೊಂಡಿ. ಎರಡೂ ಮಷೀನ್ ತಗೊಂಡು ನಡಿ."

ಒಂದನ್ನು ಮಗಳು ಕೆಳಗಿನವರೆಗೆ ಹಿಡಿದುಕೊಂಡು ಬಂದಳು. ರದ್ದಿಯವನ ಅಂಗಡಿ ಎಲ್ಲಿ ಎಂದು ಕೇಳಿದ್ದಕ್ಕೆ ತೋರಿಸಿದಳು. ಅವನು ಒಳ್ಳೆಯ ಮನುಷ್ಯ, ಮುಚ್ಚಿಡಲಿಲ್ಲ. ರೆಕಾರ್ಡುಗಳನ್ನೆಲ್ಲ ಕಲ್ಯಾಣದ ಒಬ್ಬನಿಗೆ ಕೊಟ್ಟಿದ್ದ. ಎರಡೂ ಯಂತ್ರಗಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಅಲ್ಲಿಂದ ಕಲ್ಯಾಣಕ್ಕೆ ಹೋದೆ. ಸ್ಟೇಶನ್ನಿನ ಆಚೆ ತಗಡಿನ ಶೆಡ್ಡು. ಅಲ್ಲಿ ರೆಕಾರ್ಡುಗಳನ್ನು ಕತ್ತರಿಸಿ ಗೋಡೆ ಗಡಿಯಾರ ಮಾಡುತ್ತಿದ್ದರು. ಗಿಟಾರಿನ ಆಕಾರ, ನವಿಲಿನ ಆಕಾರ, ನಡುವೆ ಮುಳ್ಳುಗಳು. ನೆಲದ ಮೇಲೆ ಕಪ್ಪು ಚೂರುಗಳ ರಾಶಿ. ಪ್ಲಾಸ್ಟಿಕ್ ಹೊದಿಕೆಯ ಕವರುಗಳಿದ್ದ ಕಟ್ಟು ಬಂತೇ, ಕನ್ನಡದ್ದು ಎಂದು ಕೇಳಿದೆ.

"ಗಾನಾ ಕಿಸ್ಕಾ ಹೈ, ಕೌನ್ ದೇಖ್ತಾ ಹೈ ಮೇಡಂ? ಕವರ್ ತೋ ಹಮ್ ಫೇಂಕ್ ದೇತೇ ಹೈಂ," ಎಂದ ಅಲ್ಲಿಯ ಮನುಷ್ಯ. ಹಾಡು ಯಾರದು ಎಂದು ಯಾರು ನೋಡುತ್ತಾರೆ, ಕವರನ್ನು ಎಸೆದುಬಿಡುತ್ತೇವೆ. ಕೇಳಿದ್ದಕ್ಕೆ ಬೇಸರ ಮಾಡದೆ ರಾಶಿಯನ್ನು ಕೆದಕಲು ಬಿಟ್ಟ. ನಡುವಿನ ಲೇಬಲ್ಲುಗಳನ್ನೆಲ್ಲ ಗಡಿಯಾರದ ಯಂತ್ರಕ್ಕಾಗಿ ಕೊರೆದು ಅಂಟು ಬಳಿದಿದ್ದರು. ಏನೂ ಸಿಗಲಿಲ್ಲ.

ಅಲ್ಲಿಂದ ನೇರವಾಗಿ ವಾಶಿಗೆ, ಅಣ್ಣನ ಮನೆಗೆ. ಊಟದ ಹೊತ್ತು ಮೀರಿತ್ತು, ನನಗಾಗಿ ಕಾದು ಕಾದು ಆಗಷ್ಟೇ ಬಡಿಸಿಕೊಂಡಿದ್ದರು. ಅಣ್ಣನ ತಟ್ಟೆಯಲ್ಲಿ ಅನ್ನಕ್ಕೆ ಸಾರು ಬಿದ್ದಿತ್ತು. ನಾನು ನಿಂತೇ ಹೇಳಿದೆ. ಅವನು ಅರ್ಧ ಕೇಳಿ ಕಲಸುವುದನ್ನು ಮುಂದುವರಿಸಿದ.

"ನೀನು ಕೇಳಿದ್ದು ಒಂದು ಪ್ಲೇಟು. ಉಳಿದದ್ದು ಸವೆದಿರ್ಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

"ಆ ಒಂದು ಸವೆದಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತು. ನಾನು ಹೇಳಿದ್ದೆ."

"ಬಿಸಾಡಿ ಅಂತ ನಾನು ಹೇಳಿದ್ದಾ? ಅವರು ಬಿಸಾಡಿದ್ರು. ಅದಕ್ಕೆ ನಾನು ಎಂತ ಮಾಡ್ಲಿ?" ಈಗ ತಲೆಯೆತ್ತಿದ. "ನೀನು ನನ್ನ ಗಿರಾಕಿಯ ಮನೆಗೆ ಹೋಗಿ ನನ್ನನ್ನು ಸುಳ್ಳುಗಾರ ಮಾಡಿ ಬಂದಿ. ಅದು ಸರಿಯಾ? ಆ ಹೆಂಗಸು ಸುಮ್ಮನಿತ್ತು. ನೀನು ಹೋಗಿ ಅಳಿಸಿದ್ದು."

ಬೆಳಿಗ್ಗೆ ಆ ಹೆಂಗಸೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು. ಅತ್ತಿಗೆ ಹುಳಿಯ ಪಾತ್ರೆ ಹಿಡಿದು ನಡುವೆ ನಿಂತಿದ್ದಳು. "ಊಟದ ಹೊತ್ತಿಗೆ ಇದೆಲ್ಲ ಎಂತಕ್ಕೆ? ಕೂತ್ಕೊ ನೀನು," ಎಂದಳು. ನಾನು ಗಾಲಾದ ಬೀಗದ ಕೈಯನ್ನು ಟೀವಿಯ ಹತ್ತಿರ ಇಟ್ಟು ಹೊರಟೆ. ಯಾರಾದರೂ ಲಿಫ್ಟಿನವರೆಗೆ ಬಂದಾರು ಅಂದುಕೊಂಡೆ. ಬರಲಿಲ್ಲ.

ಠಾಣೆಯಲ್ಲಿ ತಕ್ಕಡಿಗಳನ್ನು ಪರೀಕ್ಷಿಸುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಭಾನುವಾರಗಳು ಉದ್ದವಾದವು. ಮೊದಮೊದಲು ಅತ್ತಿಗೆ ಫೋನ್ ಮಾಡುತ್ತಿದ್ದಳು, ಒಳಕೋಣೆಯಿಂದ, ದನಿ ತಗ್ಗಿಸಿ. ಚೌತಿಗೆ ಬಾ ಎಂದಳು. ಅಣ್ಣ ಕರೆಯಲಿ ಬರುತ್ತೇನೆ ಎಂದೆ. ಅವನು ಕರೆಯಲಿಲ್ಲ. ಊರಿನವರ ಹತ್ತಿರ, ತಂಗಿಗೆ ದೊಡ್ಡ ಕೆಲಸ ಸಿಕ್ಕಿತು, ನಮ್ಮ ಸಣ್ಣ ಅಂಗಡಿ ಅವಳಿಗೆ ಸಾಕಾಗಲಿಲ್ಲ ಎಂದು ಹೇಳುತ್ತಿದ್ದಾನೆ ಎಂದು ಕೇಳಿಬಂತು. ಟೀಚರ ಮನೆಗೆ ಇನ್ನೊಮ್ಮೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಅವರ ಯಂತ್ರದ ಹಣವನ್ನಾದರೂ ಅಂಗಡಿಯಿಂದ ವಾಪಸು ಕೊಟ್ಟರೋ ಎಂದು ಅತ್ತಿಗೆಯನ್ನು ಕೇಳಿದ್ದೆ. ಅದೆಲ್ಲ ನನಗೆ ಗೊತ್ತಿಲ್ಲ ಎಂದಳು.

ಕಳೆದ ಬೇಸಿಗೆಯಲ್ಲಿ ಸಂಬಂಧಿಕರ ಮನೆಯ ಉಪನಯನ, ಡೊಂಬಿವಿಲಿಯ ಒಂದು ಹಾಲಿನಲ್ಲಿ. ಊಟದ ಪಂಕ್ತಿಯಲ್ಲಿ ನಾನು ಕೂತ ಮೇಲೆ ಅಣ್ಣ ಬಂದು ಎದುರಿನ ಸಾಲಿನಲ್ಲಿ ಕೂತ. ಕೂದಲಿಗೆ ಬಣ್ಣ ಹಾಕಿದ್ದ, ಮೈ ತುಂಬಿಕೊಂಡಿದ್ದ. ಪಕ್ಕದಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಇಲ್ಲಿಯೇ ಹುಟ್ಟಿ ಬೆಳೆದವರು. ಅವನ ಅಂಗಡಿಯ ವಿಷಯ ಬಂತು. ಹುಡುಗಿ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು, ಆ ಪ್ಲಗ್ ಮಾಡುವಂಥದ್ದು ಸುಲಭವಂತೆ ಹೌದಾ ಎಂದು.

"ಅಯ್ಯೋ, ಅದನ್ನು ತಗೊಳ್ಳೇಬೇಡಿ," ಎಂದ ಅಣ್ಣ. "ನಮ್ಮಲ್ಲಿ ಅದನ್ನು ಇಡುದೇ ಇಲ್ಲ. ಒಂದಿಷ್ಟು ಓರೆ ಇದ್ರೆ ಸರಿ ಮಾಡ್ಲಿಕ್ಕೆ ಜಾಗವೇ ಇಲ್ಲ ಅದ್ರಲ್ಲಿ. ಹೊರಗಿನ ಹಾಡು ಸರಿ ಬರ್ತದೆ, ಒಳಗೆ ಹೋದ ಹಾಗೆ ದನಿ ಒಡೀತದೆ. ಎಣ್ಣೆಗೆ ನೀರು ಬಿದ್ದ ಹಾಗೆ ಚಟಚಟ. ಪಾಪ, ಜನ ತಮ್ಮ ಪ್ಲೇಟೇ ಹಾಳು ಅಂದ್ಕೊಳ್ತಾರೆ. ಸ್ಕ್ರೂ ಇದ್ದದ್ದೇ ತಗೊಳ್ಬೇಕು."

ನಾನು ಅಂದು ಹೇಳಿದ್ದರಲ್ಲಿ ಒಂದು ಮಾತೂ ಬದಲಾಗಿರಲಿಲ್ಲ. ನಾನು ಎಲೆಯ ಮೇಲಿನಿಂದ ಕಣ್ಣೆತ್ತಿದೆ. ಅವನು ನನ್ನನ್ನು ನೋಡಿ ನಕ್ಕ, ನಡುವೆ ಏನೂ ಆಗಿಯೇ ಇಲ್ಲದವನಂತೆ.

"ಬೇಕಾದ್ರೆ ನನ್ನ ತಂಗಿಯನ್ನು ಕೇಳಿ. ಅವಳಿಗೆ ಎಲ್ಲ ಗೊತ್ತುಂಟು."

ಗಂಡ ಹೆಂಡತಿ ಇಬ್ಬರೂ ನನ್ನ ಕಡೆ ತಿರುಗಿದರು. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

"ಹೌದು. ಅವನು ಹೇಳಿದ್ದು ಸರಿ," ಎಂದೆ.

ಆ ಹುಡುಗ ಫೋನ್ ತೆಗೆದು ಅಂಗಡಿಯ ವಿಳಾಸ ಬರೆದುಕೊಳ್ಳತೊಡಗಿದ. ಬಡಿಸುವವರು ಪಾಯಸ ತಂದರು. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಪಂಕ್ತಿ ಏಳುವವರೆಗೆ ಹಾಗೇ ಕೂತಿದ್ದು, ಕೈ ತೊಳೆದು, ಯಾರಿಗೂ ಹೇಳದೆ ಸ್ಟೇಶನ್ನಿಗೆ ನಡೆದೆ.